ಸಿಮ್ಯುಲೇಶನ್ ಫಲಿತಾಂಶವನ್ನು ಪ್ಯಾರಾವ್ಯೂಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು, ಬದಿಯಡ್ಕ, ಮಂಜೇಶ್ವರದ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮತ್ತು ಈಗಷ್ಟೇ ಕೆಲಸಕ್ಕೆ ಸೇರಿದವರು ಮಾತಿನಲ್ಲೂ ಪತ್ರದಲ್ಲೂ ಕೇಳುತ್ತಾ ಬಂದ ಪ್ರಶ್ನೆಗಳಿವು. ಪ್ಯಾರಾವ್ಯೂ ಅಂದರೆ ಕಂಪ್ಯೂಟರಿನಲ್ಲಿ ಮಾಡಿದ ಗಾಳಿ, ನೀರು, ಕಟ್ಟಡದ ಲೆಕ್ಕದ (ಸಿಮ್ಯುಲೇಶನ್) ಫಲಿತಾಂಶವನ್ನು ಚಿತ್ರವಾಗಿ ನೋಡುವ ಸಾಫ್ಟ್‌ವೇರ್. ಹತ್ತನೆಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಇಂಗ್ಲಿಷಿನ ದಪ್ಪ ಕೈಪಿಡಿಯ ಎದುರು ಕೂತವರೇ ಇವರಲ್ಲಿ ಜಾಸ್ತಿ. ಅದಕ್ಕೇ ಉದಾಹರಣೆಗಳನ್ನು ಊರಿನಿಂದಲೇ ತೆಗೆದುಕೊಂಡಿದ್ದೇನೆ: ಅಡಿಕೆ ಒಣಗಿಸುವ ಸೋಲಾರ್ ಶೆಡ್, ಮಳೆಗಾಲದ ಗಾಳಿಗೆ ಏಳುವ ಶೀಟಿನ ಮಾಡು, ಚಂದ್ರಗಿರಿ ಹೊಳೆಯ ನೆರೆ. ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಬಿಟ್ಟಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ಫೈಲ್ ತೆರೆದು ಚಿತ್ರ ಕಂಡ ಕೂಡಲೇ ಹೆಚ್ಚಿನವರು ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮೂಲ ಸಾಫ್ಟ್‌ವೇರ್‌ನ ಒಂದು ಗೊತ್ತಿರುವ ಸಂಖ್ಯೆ ಇಲ್ಲೂ ಅಷ್ಟೇ ಬಂದಿದೆಯೇ ಅಂತ ನೋಡುವವರೆಗೆ ಆ ಚಿತ್ರವನ್ನು ಯಾರಿಗೂ ತೋರಿಸಬೇಡಿ.

## ಮೊದಲ ಹೆಜ್ಜೆ

"ಸಾಲ್ವ್ ಮಾಡಿದ ಸಾಫ್ಟ್‌ವೇರಲ್ಲೇ ಚಿತ್ರ ಕಾಣ್ತದಲ್ವಾ? ಮತ್ತೆ ಇನ್ನೊಂದು ಎಂತಕ್ಕೆ?"

ಒಂದೇ ಚಿತ್ರ ಸಾಕಾದರೆ ಬೇಡ. ಆದರೆ ಕಾಲೇಜಿನ ಲೈಸೆನ್ಸ್ ಕಾಲೇಜಿನ ಲ್ಯಾಬಿನಲ್ಲಿ ಮಾತ್ರ ನಡೆಯುತ್ತದೆ. ಕೋರ್ಸ್ ಮುಗಿದ ಮೇಲೆ ನಿಮ್ಮದೇ ಫಲಿತಾಂಶವನ್ನು ನೀವೇ ತೆರೆಯಲಾಗದ ಸ್ಥಿತಿ ಬರುತ್ತದೆ. ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ಗಾಳಿಯ ಲೆಕ್ಕ ಒಂದು ಸಾಫ್ಟ್‌ವೇರ್‌ನಲ್ಲಿ, ಮಾಡನ್ನು ಹೊರುವ ಕಬ್ಬಿಣದ ಚೌಕಟ್ಟಿನ, ಅಂದರೆ ಟ್ರಸ್‌ನ, ಲೆಕ್ಕ ಇನ್ನೊಂದರಲ್ಲಿ, ಗುಡ್ಡದ ಎತ್ತರದ ಮಾಹಿತಿ ಮೂರನೆಯದರಲ್ಲಿ ಇರುತ್ತದೆ. ಮೂರನ್ನೂ ಒಟ್ಟಿಗೆ ನೋಡಲು ಇವು ಯಾವುದಕ್ಕೂ ಸೇರದ ಒಂದು ಜಾಗ ಬೇಕು.

ಈ ಪುಟದಲ್ಲಿ ಆ ಜಾಗ ಅಂದರೆ ಪ್ಯಾರಾವ್ಯೂ. ಕಿಟ್‌ವೇರ್ ಕಂಪನಿ ಮತ್ತು ಅಮೆರಿಕದ ಲಾಸ್ ಅಲಮೋಸ್ ಪ್ರಯೋಗಾಲಯ ಸೇರಿ 2000ದಲ್ಲಿ ಇದರ ಕೆಲಸ ಶುರು ಮಾಡಿದವು. 2002ರಲ್ಲಿ ಮೊದಲ ಆವೃತ್ತಿ ಹೊರಬಂತು. ಒಳಗೆ ಕೆಲಸ ಮಾಡುವುದು ವಿಟಿಕೆ ಎಂಬ ಲೈಬ್ರರಿ. ಎರಡೂ ಮುಕ್ತ ತಂತ್ರಾಂಶ, ದುಡ್ಡು ಕೊಡಬೇಕಾಗಿಲ್ಲ.

"ಇಂಪೋರ್ಟ್ ಅಂದ್ರೆ ಫೈಲ್ ಓಪನ್ ಮಾಡುದು, ಅಷ್ಟೇ ಅಲ್ವಾ?"

ಫೈಲಿನ ಜೊತೆ ಏನು ಬರುತ್ತದೆ, ಏನು ಬರುವುದಿಲ್ಲ ಅಂತ ತಿಳಿದಿದ್ದರೆ ಅಷ್ಟೇ. ಸಾಮಾನ್ಯವಾಗಿ ನಾಲ್ಕು ಸಂಗತಿ ಬರುತ್ತವೆ. ಬಿಂದುಗಳ ಜಾಗ, ಅಂದರೆ ನೋಡ್‌ಗಳು. ಯಾವ ಬಿಂದುಗಳು ಸೇರಿ ಒಂದು ಎಲಿಮೆಂಟ್ (ಸೆಲ್ ಅಂತಲೂ ಹೇಳುತ್ತಾರೆ) ಆಗಿದೆ ಎಂಬ ಪಟ್ಟಿ; ಇವೆರಡೂ ಸೇರಿದ ಬಲೆಗೇ ಮೆಶ್ ಅನ್ನುವುದು. ಒತ್ತಡ, ವೇಗ, ತಾಪ ಮುಂತಾದ ಮೌಲ್ಯಗಳು, ಮತ್ತು ಅವು ನೋಡ್‌ಗೆ ಸೇರಿದ್ದೋ ಸೆಲ್‌ಗೆ ಸೇರಿದ್ದೋ ಎಂಬ ಗುರುತು. ಕೊನೆಗೆ ಸಮಯ.

ಬಾರದೇ ಇರುವುದರಲ್ಲಿ ಮುಖ್ಯವಾದದ್ದು ಅಳತೆಯ ಮಾನ. 250 ಅಂತ ಸಂಖ್ಯೆ ಬರುತ್ತದೆ. ಅದು ಪ್ಯಾಸ್ಕಲ್ಲೋ ಮೆಗಾಪ್ಯಾಸ್ಕಲ್ಲೋ ಅಂತ ಹೆಚ್ಚಿನ ಫೈಲ್‌ಗಳು ಹೇಳುವುದೇ ಇಲ್ಲ. ವಸ್ತುವಿನ ಗುಣ, ಹಾಕಿದ ಭಾರ, ಆಧಾರ ಕೊಟ್ಟ ಜಾಗ ಇವೂ ಹೆಚ್ಚಾಗಿ ಹಿಂದೆಯೇ ಉಳಿಯುತ್ತವೆ. ಎಕ್ಸ್‌ಪೋರ್ಟ್ ಮಾಡುವ ದಿನವೇ ಒಂದು ಸಣ್ಣ ಟೆಕ್ಸ್ಟ್ ಫೈಲಿನಲ್ಲಿ ಇವನ್ನು ಬರೆದು ಅದೇ ಫೋಲ್ಡರಿನಲ್ಲಿ ಇಡಿ. ಆರು ತಿಂಗಳ ನಂತರ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ.

"ನನ್ನ ಫೈಲ್ ಓಪನ್ನೇ ಆಗುದಿಲ್ಲ. ಯಾವ ಫಾರ್ಮ್ಯಾಟಲ್ಲಿ ತೆಗೀಬೇಕು?"

ಯಾವ ಸಾಫ್ಟ್‌ವೇರ್‌ನಿಂದ ತೆಗೆಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ.

ಗಾಳಿ, ನೀರಿನ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಆದರೆ ಏನನ್ನೂ ಬದಲಾಯಿಸಬೇಕಾಗಿಲ್ಲ. ಕೇಸ್ ಫೋಲ್ಡರಿನಲ್ಲಿ ಹೆಸರಿನ ಕೊನೆಗೆ 'ಡಾಟ್ ಫೋಮ್' ಇರುವ ಒಂದು ಖಾಲಿ ಫೈಲ್ ಮಾಡಿ ಅದನ್ನು ತೆರೆದರೆ ಸಾಕು. ನಾಲ್ಕೈದು ಪ್ರಾಸೆಸರ್‌ಗಳಿಗೆ ಹಂಚಿ ಓಡಿಸಿದ್ದರೆ ಕೇಸ್ ಟೈಪ್ ಎಂಬಲ್ಲಿ 'ಡೀಕಂಪೋಸ್ಡ್' ಆರಿಸಿ. ಆರಿಸದೇ ಇದ್ದರೆ ಮೊದಲ ಹೆಜ್ಜೆ ಮಾತ್ರ ಕಂಡು, ಲೆಕ್ಕವೇ ಓಡಿಲ್ಲ ಅಂತ ಅನಿಸಬಹುದು. ಎಸ್‌ಯು2 ಮತ್ತು ಎಲ್ಮರ್ ಎಂಬ ಸಾಫ್ಟ್‌ವೇರ್‌ಗಳು ನೇರವಾಗಿ ವಿಟಿಯು, ಅಂದರೆ ವಿಟಿಕೆಯದೇ ಮಾದರಿಯ, ಫೈಲ್ ಬರೆಯುತ್ತವೆ. ಅಲ್ಲಿ ತೊಂದರೆ ಇಲ್ಲ.

ಆನ್ಸಿಸ್ ಫ್ಲೂಯೆಂಟ್‌ನಿಂದ ತರುವಾಗ ಎಕ್ಸ್‌ಪೋರ್ಟ್ ಮೆನುವಿನಲ್ಲಿ 'ಎನ್‌ಸೈಟ್ ಕೇಸ್ ಗೋಲ್ಡ್' ಆರಿಸುವುದು ನನಗೆ ಸರಿ ಕಂಡ ದಾರಿ. ಸಿಜಿಎನ್‌ಎಸ್ ಕೂಡ ಆಗುತ್ತದೆ. ಎನ್‌ಸೈಟ್‌ನಲ್ಲಿ ಒಂದು ವಿಷಯ ನೆನಪಿಡಿ. ಅದರ ಕೇಸ್ ಫೈಲ್ ಬರೀ ಒಂದು ಪಟ್ಟಿ. ಮೆಶ್ ಮತ್ತು ಮೌಲ್ಯಗಳು ಪಕ್ಕದ ಬೇರೆ ಫೈಲ್‌ಗಳಲ್ಲಿ ಇರುತ್ತವೆ. ಗೆಳೆಯನಿಗೆ ಕೇಸ್ ಫೈಲನ್ನು ಮಾತ್ರ ವಾಟ್ಸಾಪ್ ಮಾಡಿದರೆ ಅವನಿಗೆ ಏನೂ ಕಾಣುವುದಿಲ್ಲ.

ಆನ್ಸಿಸ್ ಮೆಕ್ಯಾನಿಕಲ್‌ನ ಆರ್‌ಎಸ್‌ಟಿ ಫೈಲನ್ನು ಪ್ಯಾರಾವ್ಯೂ ತಾನಾಗಿ ಓದುವುದಿಲ್ಲ. ಪೈಡಿಪಿಎಫ್ ಎಂಬ ಪೈಥಾನ್ ಲೈಬ್ರರಿಯಿಂದ ವಿಟಿಕೆಗೆ ಬದಲಾಯಿಸಬೇಕು. ಅಬಾಕಸ್‌ನ ಓಡಿಬಿ ಇನ್ನೂ ಬಿಗಿ. ಅದನ್ನು ಅಬಾಕಸ್‌ನ ಜೊತೆಗೆ ಬರುವ ಪೈಥಾನ್‌ನಿಂದಲೇ ತೆರೆಯಬೇಕು. ಹಾಗಾಗಿ ಲ್ಯಾಬಿನಲ್ಲಿ ಇರುವಾಗಲೇ ಬೇಕಾದ್ದನ್ನು ಹೊರಗೆ ತೆಗೆದಿಡಿ. ಕ್ಯಾಲ್ಕುಲಿಕ್ಸ್‌ನ ಎಫ್‌ಆರ್‌ಡಿ ಫೈಲಿಗೆ 'ಸಿಸಿಎಕ್ಸ್ ಟು ಪ್ಯಾರಾವ್ಯೂ' ಎಂಬ ಸಣ್ಣ ಉಚಿತ ಸಾಧನ ಇದೆ. ಫ್ರೀಕ್ಯಾಡ್‌ನಲ್ಲಿ ಲೆಕ್ಕ ಮಾಡಿದ್ದರೆ ಅಲ್ಲಿಂದಲೇ ವಿಟಿಯು ತೆಗೆಯಬಹುದು.

ನೀವೇ ಬರೆದ ಪ್ರೋಗ್ರಾಮಿನಿಂದ ಫೈಲ್ ಬರೆಯುವುದಾದರೆ ವಿಟಿಯು ಅಥವಾ ಎಕ್ಸ್‌ಡಿಎಂಎಫ್ ಸಾಕು. ಪೈಥಾನ್‌ನ ಮೆಶಿಯೋ ಎಂಬ ಲೈಬ್ರರಿ ಎರಡನ್ನೂ ಬರೆಯುತ್ತದೆ. ಹಳೆಯ ವಿಟಿಕೆ ಫಾರ್ಮ್ಯಾಟನ್ನು ಬೈನರಿಯಲ್ಲಿ ಬರೆಯಲು ಹೊರಟವರಿಗೆ ಒಂದು ಎಚ್ಚರಿಕೆ. ಅದರಲ್ಲಿ ಸಂಖ್ಯೆಯ ದೊಡ್ಡ ಬೈಟ್ ಮೊದಲು ಬರಬೇಕು. ನಮ್ಮ ಸಾಮಾನ್ಯ ಕಂಪ್ಯೂಟರ್‌ಗಳು ಸಣ್ಣ ಬೈಟನ್ನು ಮೊದಲು ಬರೆಯುತ್ತವೆ. ತಿರುಗಿಸದೆ ಬರೆದರೆ, ಫೈಲ್ ತೆರೆದರೂ ಸಂಖ್ಯೆಗಳು ಹುಚ್ಚುಹುಚ್ಚಾಗಿ ಕಾಣುತ್ತವೆ.

"ಎಸ್‌ಟಿಎಲ್ ಕೊಟ್ರೆ ಸಾಕಾ ಸರ್?"

ಸಾಕಾಗುವುದಿಲ್ಲ. ಎಸ್‌ಟಿಎಲ್‌ನಲ್ಲಿ ಹೊರಮೈಯ ತ್ರಿಕೋನಗಳು ಮಾತ್ರ ಇರುತ್ತವೆ. ಒಳಗಿನ ಮೆಶ್ ಇಲ್ಲ, ಮೌಲ್ಯವೂ ಇಲ್ಲ.

"ನನ್ನ ಹತ್ರ ಎಕ್ಸೆಲ್ ಶೀಟ್ ಮಾತ್ರ ಉಂಟು. ಎಕ್ಸ್, ವೈ, ಜಡ್, ತಾಪ, ಅಷ್ಟೇ. ಅದ್ರಿಂದ ಬಣ್ಣದ ಚಿತ್ರ ಆಗ್ತದಾ?"

ಆಗುತ್ತದೆ. ಸಿಎಸ್‌ವಿ ಆಗಿ ಉಳಿಸಿ, ತೆರೆದು, 'ಟೇಬಲ್ ಟು ಪಾಯಿಂಟ್ಸ್' ಫಿಲ್ಟರ್ ಹಾಕಿ (ಪ್ಯಾರಾವ್ಯೂನಲ್ಲಿ ಡೇಟಾದ ಮೇಲೆ ಮಾಡುವ ಒಂದೊಂದು ಕೆಲಸಕ್ಕೂ ಫಿಲ್ಟರ್ ಅನ್ನುತ್ತಾರೆ). ಮೂರು ಕಾಲಂಗಳನ್ನು ಜಾಗ ಅಂತ ತೋರಿಸಿದರೆ ಬಿಂದುಗಳು ಮೂಡುತ್ತವೆ. ಎಕ್ಸೆಲ್‌ನಲ್ಲಿ ದೊಡ್ಡ ಸಂಖ್ಯೆಗಳ ನಡುವೆ ಕಾಮಾ ಹಾಕುವ ಅಭ್ಯಾಸ ಇದ್ದರೆ ಮೊದಲು ತೆಗೆಯಿರಿ. 1,250 ಎಂಬುದು ಎರಡು ಕಾಲಂ ಆಗಿ ಒಡೆಯಬಹುದು, ಇಲ್ಲವೇ ಸಂಖ್ಯೆಯ ಬದಲು ಅಕ್ಷರ ಅಂತ ಓದಿಕೊಳ್ಳಬಹುದು.

ಬಿಂದುಗಳ ನಡುವಿನ ಜಾಗ ತುಂಬಿಸುವಲ್ಲಿ ಜಾಸ್ತಿ ಜನ ಜಾರುತ್ತಾರೆ. 'ಡೆಲೋನೆ 3ಡಿ' ಫಿಲ್ಟರ್ ಒತ್ತಿದರೆ ಕೂಡಲೇ ಒಂದು ತುಂಬಿದ ಆಕಾರ ಬರುತ್ತದೆ, ನೋಡಲೂ ಚೆನ್ನಾಗಿರುತ್ತದೆ. ಆದರೆ ಆ ಫಿಲ್ಟರಿಗೆ ನಿಮ್ಮ ಆಕಾರ ಗೊತ್ತಿಲ್ಲ. ಎಲ್ಲ ಬಿಂದುಗಳನ್ನು ಹೊರಗಿನಿಂದ ಸುತ್ತಿ ಮುಚ್ಚಿಬಿಡುತ್ತದೆ. ಅಡಿಕೆ ಶೆಡ್ಡಿನ ಬಾಗಿಲು, ಗಾಳಿ ಹೋಗಲು ಬಿಟ್ಟ ಕಿಂಡಿ, ಎರಡು ಅಟ್ಟಗಳ ನಡುವಿನ ಖಾಲಿ ಜಾಗ ಎಲ್ಲವೂ ಘನವಾಗುತ್ತದೆ. ಗಾಳಿಯೇ ಇಲ್ಲದ ಕಡೆ, ಗೋಡೆಯ ಒಳಗೂ, ತಾಪ ಕಾಣುತ್ತದೆ. ಮೂಲ ಮೆಶ್ ಸಿಗುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ ಅದನ್ನೇ ಕೇಳಿ ಪಡೆಯಿರಿ. ಸಿಗದೇ ಹೋದರೆ ಬಿಂದುಗಳನ್ನು ಬಿಂದುಗಳಾಗಿಯೇ, ಸಣ್ಣ ಗೋಲಗಳಾಗಿ ತೋರಿಸಿ. ಗೊತ್ತಿರುವಷ್ಟನ್ನೇ ತೋರಿಸಿದ ಹಾಗಾಗುತ್ತದೆ.

## ಚಿತ್ರ ಬಂತು, ಸಂಖ್ಯೆ ಸರಿ ಇಲ್ಲ

"ಅಲ್ಲಿ ಗರಿಷ್ಠ ಸ್ಟ್ರೆಸ್ 240 ತೋರಿಸ್ತದೆ, ಇಲ್ಲಿ 187. ಯಾವುದನ್ನು ನಂಬುದು?"

ಇದಕ್ಕೆ ಸ್ವಲ್ಪ ನಿಧಾನವಾಗಿ ಉತ್ತರ ಹೇಳಬೇಕು. ಎರಡೂ ಒಂದೇ ಲೆಕ್ಕದಿಂದ ಬಂದ ಸಂಖ್ಯೆಗಳು.

ವಸ್ತುವನ್ನು ಸಣ್ಣ ಎಲಿಮೆಂಟ್‌ಗಳಾಗಿ ಒಡೆದು ಮಾಡುವ ಫೈನೈಟ್ ಎಲಿಮೆಂಟ್ ಲೆಕ್ಕದಲ್ಲಿ ಸ್ಥಾನಪಲ್ಲಟ, ಅಂದರೆ ಬಿಂದು ಎಷ್ಟು ಸರಿಯಿತು ಎಂಬುದು, ನೋಡ್‌ನಲ್ಲಿ ಸಿಗುತ್ತದೆ. ಸ್ಟ್ರೆಸ್ ಮಾತ್ರ ಎಲಿಮೆಂಟಿನ ಒಳಗೆ ಲೆಕ್ಕಕ್ಕೆಂದು ಆರಿಸಿದ ಗಾಸ್ ಬಿಂದುಗಳಲ್ಲಿ ಸಿಗುತ್ತದೆ. ಅಲ್ಲಿಂದ ಅದನ್ನು ಮೂಲೆಗೆ, ಅಂದರೆ ನೋಡ್‌ಗೆ, ಎಳೆದು ತರುತ್ತಾರೆ. ಒಂದು ನೋಡ್‌ನಲ್ಲಿ ನಾಲ್ಕು ಎಲಿಮೆಂಟ್ ಸೇರುತ್ತವೆ ಅಂತ ಇಟ್ಟುಕೊಳ್ಳಿ. ನಾಲ್ಕೂ ತಮ್ಮ ತಮ್ಮ ಮೌಲ್ಯ ಹೇಳುತ್ತವೆ: 240, 200, 160, 148. ಸರಾಸರಿ ತೆಗೆದರೆ 187. ಸರಾಸರಿ ಇಲ್ಲದೆ ನೋಡಿದರೆ ಗರಿಷ್ಠ 240. ಮೂಲ ಸಾಫ್ಟ್‌ವೇರ್ ಒಂದನ್ನು ತೋರಿಸಿತು, ಎಕ್ಸ್‌ಪೋರ್ಟ್ ಇನ್ನೊಂದನ್ನು ಬರೆಯಿತು.

ಪ್ಯಾರಾವ್ಯೂನಲ್ಲೂ ಇದೇ ಆಗಬಹುದು. ಸೆಲ್ ಮೌಲ್ಯದ ಚಿತ್ರ ಚೌಕ ಚೌಕವಾಗಿ ಕಾಣುತ್ತದೆ. ಅದನ್ನು ನಯ ಮಾಡಲು 'ಸೆಲ್ ಡೇಟಾ ಟು ಪಾಯಿಂಟ್ ಡೇಟಾ' ಒತ್ತುತ್ತಾರೆ. ಬಣ್ಣ ನಯವಾಗುತ್ತದೆ, ಶಿಖರ ತಗ್ಗುತ್ತದೆ. ವರ್ಷದ ಸರಾಸರಿ ಮಳೆ ನೋಡಿ ಯಾರೂ ಮೋರಿಯ ಅಗಲ ನಿರ್ಧರಿಸುವುದಿಲ್ಲ ಅಲ್ವಾ, ಹಾಗೆಯೇ ಸುರಕ್ಷತೆಯ ತೀರ್ಮಾನಕ್ಕೆ ನಯ ಮಾಡಿದ ಸಂಖ್ಯೆ ಬೇಡ.

ಯಾವುದನ್ನು ನಂಬುವುದು? ನನ್ನ ಅಭಿಪ್ರಾಯ ಹೀಗೆ. ಒಂದೇ ನೋಡ್‌ನಲ್ಲಿ 148 ಮತ್ತು 240 ಒಟ್ಟಿಗೆ ಬರುತ್ತಿದ್ದರೆ ಆ ಜಾಗದ ಮೆಶ್ ದೊರಗು. ಮೆಶ್ ಸಣ್ಣದು ಮಾಡಿ ಲೆಕ್ಕ ಮತ್ತೆ ಓಡಿಸಿ. ನಾಲ್ಕೂ ಎಲಿಮೆಂಟಿನ ಮೌಲ್ಯ ಹತ್ತಿರ ಬಂದ ಮೇಲೆ ಈ ಪ್ರಶ್ನೆಯೇ ಉಳಿಯುವುದಿಲ್ಲ. ಚೂಪಾದ ಒಳಮೂಲೆಯಲ್ಲಿ ಮಾತ್ರ ಮೆಶ್ ಸಣ್ಣದಾದಷ್ಟೂ ಸ್ಟ್ರೆಸ್ ಏರುತ್ತಲೇ ಹೋಗುತ್ತದೆ. ಅದು ಮಾಡೆಲ್‌ನ ಗುಣ, ಇಂಪೋರ್ಟಿನ ತಪ್ಪಲ್ಲ.

"ಶೀಟಿನ ಮಾಡಿನ ಮೇಲೆ ಗಾಳಿಯ ಒತ್ತಡ ಓಪನ್‌ಫೋಮಲ್ಲಿ 760 ಬರ್ತದೆ. ಕೈಲೆಕ್ಕದಲ್ಲಿ 913. ಯಾಕೆ?"

ಓಪನ್‌ಫೋಮ್‌ನ ಸಿಂಪಲ್‌ಫೋಮ್, ಪಿಸೋಫೋಮ್‌ನಂಥ ಸಾಂದ್ರತೆ ಬದಲಾಗದ ಸಾಲ್ವರ್‌ಗಳಲ್ಲಿ (ಲೆಕ್ಕ ಬಿಡಿಸುವ ಪ್ರೋಗ್ರಾಮ್‌ಗಳಲ್ಲಿ) 'ಪಿ' ಅಂತ ಬರುವುದು ಪೂರ್ತಿ ಒತ್ತಡ ಅಲ್ಲ. ಒತ್ತಡವನ್ನು ಸಾಂದ್ರತೆಯಿಂದ ಭಾಗಿಸಿದ ಸಂಖ್ಯೆ ಅದು. ಅದರ ಮಾನ ಸೆಕೆಂಡ್ ವರ್ಗಕ್ಕೆ ಮೀಟರ್ ವರ್ಗ. ಪ್ಯಾರಾವ್ಯೂನ ಕ್ಯಾಲ್ಕುಲೇಟರ್ ಫಿಲ್ಟರಿನಲ್ಲಿ ಸಾಂದ್ರತೆಯಿಂದ ಗುಣಿಸಿದರೆ ಪ್ಯಾಸ್ಕಲ್ ಸಿಗುತ್ತದೆ.

ನಮ್ಮ ಕರಾವಳಿಯ ಲೆಕ್ಕವನ್ನೇ ನೋಡೋಣ. ಕಟ್ಟಡದ ಮೇಲಿನ ಭಾರದ ಬಗೆಗಿನ ಭಾರತೀಯ ಸಂಹಿತೆ ಐಎಸ್ 875ರ ಮೂರನೇ ಭಾಗ ಮಂಗಳೂರಿಗೆ ಕೊಡುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಅದರ ವರ್ಗದ ಅರ್ಧ 760.5. ಗಾಳಿಯ ಸಾಂದ್ರತೆ 1.2ರಿಂದ ಗುಣಿಸಿದರೆ 912.6 ಪ್ಯಾಸ್ಕಲ್. ಅದೇ ಸಂಹಿತೆಯಲ್ಲಿ ಒತ್ತಡಕ್ಕೆ 0.6 ಗುಣಿಸು ವೇಗದ ವರ್ಗ ಅಂತ ಸೂತ್ರ ಇದೆ. ಆ 0.6 ಅಂದರೆ 1.2ರ ಅರ್ಧವೇ. ಹಾಗಾಗಿ ನಿಮ್ಮ ಎರಡೂ ಸಂಖ್ಯೆ ಒಂದೇ ಗಾಳಿಯವು.

ನೀರಿನ ಲೆಕ್ಕದಲ್ಲಿ ಈ ತಪ್ಪು ತಾನಾಗಿ ಸಿಕ್ಕಿಬೀಳುತ್ತದೆ, ಸಾವಿರ ಪಟ್ಟು ವ್ಯತ್ಯಾಸ ಬರುವುದರಿಂದ. ಗಾಳಿಯಲ್ಲಿ ಹಾಗಲ್ಲ. 760 ಕೂಡ ನಂಬುವಂಥ ಸಂಖ್ಯೆಯೇ. ಅದನ್ನೇ ಪ್ಯಾಸ್ಕಲ್ ಅಂದುಕೊಂಡು ಮಾಡಿನ ಬೋಲ್ಟ್ ಲೆಕ್ಕ ಹಾಕಿದರೆ ಭಾರವನ್ನು ಆರನೇ ಒಂದು ಪಾಲು ಕಡಿಮೆ ಹಿಡಿದ ಹಾಗೆ. ಇಲ್ಲಿ ತುಂಬಾ ಜಾಗ್ರತೆ ಬೇಕು. ಇಂಟರ್‌ಫೋಮ್ ಮತ್ತು ಸಾಂದ್ರತೆ ಬದಲಾಗುವ ಸಾಲ್ವರ್‌ಗಳಲ್ಲಿ ಒತ್ತಡ ಪ್ಯಾಸ್ಕಲ್‌ನಲ್ಲೇ ಇರುತ್ತದೆ. ಅಲ್ಲಿ ಮತ್ತೆ ಗುಣಿಸಬೇಡಿ.

"ಎಲ್ಲಾ ಸರಿ ಬಂದಿದೆ ಅಂತ ಹೇಗೆ ಗೊತ್ತಾಗುದು?"

ಮೂರು ಪರೀಕ್ಷೆ ಸಾಕು, ಹೆಚ್ಚು ಹೊತ್ತೂ ಬೇಡ.

ಮೊದಲನೆಯದು ಗಾತ್ರ. ಸೋಲಾರ್ ಶೆಡ್ಡಿನ ಒಳಗಿನ ಗಾಳಿಯನ್ನು 12 ಮೀಟರ್ ಉದ್ದ, 6 ಮೀಟರ್ ಅಗಲ, 3 ಮೀಟರ್ ಎತ್ತರದ ಪೆಟ್ಟಿಗೆಯಾಗಿ ಮಾಡಿದ್ದೀರಿ ಅಂತ ಇಟ್ಟುಕೊಳ್ಳಿ. 'ಇಂಟಿಗ್ರೇಟ್ ವೇರಿಯಬಲ್ಸ್' ಫಿಲ್ಟರ್ ಹಾಕಿದರೆ ಘನ ಅಳತೆ 216 ಬರಬೇಕು. 216ರ ಮುಂದೆ ಒಂಬತ್ತು ಸೊನ್ನೆ ಬಂದರೆ ಫೈಲ್ ಮಿಲಿಮೀಟರಿನಲ್ಲಿದೆ. 216ಕ್ಕಿಂತ ಸ್ವಲ್ಪ ಕಡಿಮೆ ಬಂದರೆ ಯಾವುದೋ ಒಂದು ಭಾಗ ಎಕ್ಸ್‌ಪೋರ್ಟ್ ಆಗಿಲ್ಲ.

ಎರಡನೆಯದು ಕನಿಷ್ಠ ಮತ್ತು ಗರಿಷ್ಠ. ಮೂಲದಲ್ಲಿ ಮತ್ತು ಇಲ್ಲಿ, ಪ್ರತಿ ಮೌಲ್ಯಕ್ಕೂ. 'ಇನ್ಫರ್ಮೇಶನ್' ಫಲಕದಲ್ಲಿ ವ್ಯಾಪ್ತಿ ಕಾಣುತ್ತದೆ. ಬಣ್ಣದ ಪಟ್ಟಿಯ ತುದಿಗಳನ್ನು ನಂಬಬೇಡಿ, ಅವನ್ನು ಯಾರೋ ಕೈಯಿಂದ ಬದಲಾಯಿಸಿರಬಹುದು.

ಮೂರನೆಯದು ಒಟ್ಟು ಲೆಕ್ಕ. ಒಳಗೆ ಹೋದ ಗಾಳಿ ಹೊರಗೆ ಬಂದ ಗಾಳಿಗೆ ಸಮ ಆಗಬೇಕು. ಮೇಲ್ಮೈಯ ಒತ್ತಡವನ್ನು ಕೂಡಿಸಿದರೆ ಮೂಲ ಸಾಫ್ಟ್‌ವೇರ್ ಹೇಳಿದ ಒಟ್ಟು ಬಲ ಬರಬೇಕು. ಮೊದಲೆರಡು ಸರಿಯಾಗಿದ್ದು ಇದು ತಪ್ಪಿದರೆ, ಮೇಲ್ಮೈಯ ದಿಕ್ಕು ತಿರುಗಿದೆಯಾ ಅಥವಾ ಹಂಚಿದ ಮೆಶ್‌ನ ಗಡಿಯ ಸೆಲ್‌ಗಳು ಎರಡು ಸಲ ಎಣಿಕೆಯಾಗಿವೆಯಾ ಅಂತ ಹುಡುಕಿ.

"ಮಿಲಿಮೀಟರಲ್ಲಿ ಮಾಡಿದ ಮಾಡೆಲ್ ಮತ್ತು ಮೀಟರಲ್ಲಿ ಮಾಡಿದ್ದು ಒಟ್ಟಿಗೆ ಹಾಕಿದ್ರೆ ಒಂದು ಕಾಣುದೇ ಇಲ್ಲ."

ಒಂದು ಇನ್ನೊಂದಕ್ಕಿಂತ ಸಾವಿರ ಪಟ್ಟು ದೊಡ್ಡದಾಗಿದೆ, ಅದಕ್ಕೆ. 'ಟ್ರಾನ್ಸ್‌ಫಾರ್ಮ್' ಫಿಲ್ಟರಿನಲ್ಲಿ ಮಿಲಿಮೀಟರಿನದನ್ನು 0.001ರಿಂದ ಕುಗ್ಗಿಸಿ. ಹಾಗೆ ಮಾಡುವಾಗ ಜಾಗ ಮಾತ್ರ ಬದಲಾಗುತ್ತದೆ, ಸ್ಟ್ರೆಸ್ ಮೆಗಾಪ್ಯಾಸ್ಕಲ್‌ನಲ್ಲೇ ಉಳಿಯುತ್ತದೆ. ಸ್ಥಾನಪಲ್ಲಟವೂ ಮಿಲಿಮೀಟರಿನಲ್ಲೇ ಉಳಿದೀತು. ಅದನ್ನು ಕ್ಯಾಲ್ಕುಲೇಟರಿನಲ್ಲಿ ಬೇರೆಯಾಗಿ ನೋಡಿಕೊಳ್ಳಬೇಕು.

"ಟ್ರಸ್ ಬಾಳೆಗಿಡದ ಹಾಗೆ ಬಗ್ಗಿ ಕಾಣ್ತದೆ. ನಿಜವಾಗಿ ಅಷ್ಟು ಬಗ್ಗುತ್ತದಾ?"

'ವಾರ್ಪ್ ಬೈ ವೆಕ್ಟರ್' ಫಿಲ್ಟರಿನ ಸ್ಕೇಲ್ ಫ್ಯಾಕ್ಟರ್ ನೋಡಿ. 1 ಇದ್ದರೆ ನಿಜವಾದ ಬಾಗು. 200 ಇದ್ದರೆ ಇನ್ನೂರು ಪಟ್ಟು ಹಿಗ್ಗಿಸಿದ್ದು. ಹಿಗ್ಗಿಸುವುದು ತಪ್ಪಲ್ಲ, ಆದರೆ ಎಷ್ಟು ಪಟ್ಟು ಅಂತ ಚಿತ್ರದ ಮೇಲೆ ಬರೆಯಲೇಬೇಕು. ಮನೆ ಯಜಮಾನರಿಗೆ ಸುಮ್ನೆ ತೋರಿಸಿದರೆ ಹೆದರಿಬಿಡುತ್ತಾರೆ.

"ಅನಿಮೇಶನ್ ಓಡಿಸುವಾಗ ಬಣ್ಣ ಪ್ರತಿ ಹೆಜ್ಜೆಗೂ ಬದಲಾಗ್ತದೆ. ಸಮಯವೂ 0, 1, 2 ಅಂತ ಬರ್ತದೆ."

ಎರಡು ಬೇರೆ ಸಮಸ್ಯೆ. ಬಣ್ಣಕ್ಕೆ: ಎಲ್ಲ ಹೆಜ್ಜೆಗಳ ವ್ಯಾಪ್ತಿಯನ್ನು ಒಮ್ಮೆ ನೋಡಿ ಹೊಂದಿಸುವ ಆಯ್ಕೆ ಇದೆ, ಅದನ್ನು ಒತ್ತಿ. ಇಲ್ಲವಾದರೆ ಬೆಳಿಗ್ಗೆ 30 ಡಿಗ್ರಿಗೂ ಕೆಂಪು, ಮಧ್ಯಾಹ್ನ 55 ಡಿಗ್ರಿಗೂ ಕೆಂಪು ಕಾಣುತ್ತದೆ.

ಸಮಯಕ್ಕೆ: ಫೈಲಿನ ಹೆಸರಿನ ಕೊನೆಯಲ್ಲಿ 001, 002 ಅಂತ ಇದ್ದರೆ ಪ್ಯಾರಾವ್ಯೂ ಅವನ್ನು ಸಾಲಾಗಿ ಜೋಡಿಸುತ್ತದೆ. ಆದರೆ ನಿಜವಾದ ಸೆಕೆಂಡು ಅದಕ್ಕೆ ಗೊತ್ತಿಲ್ಲ. ಪಿವಿಡಿ ಎಂಬ ಸಣ್ಣ ಫೈಲ್ ಬರೆದು, ಯಾವ ವಿಟಿಯುಗೆ ಯಾವ ಸಮಯ ಅಂತ ಹೇಳಬೇಕು. ಸಾಲ್ವರ್ ತಾನೇ ಹೆಜ್ಜೆಯ ಉದ್ದ ಬದಲಾಯಿಸುತ್ತಾ ಹೋಗಿದ್ದರೆ ಇದು ಕಡ್ಡಾಯ. ಇಲ್ಲದಿದ್ದರೆ ನೆರೆ ಏರುವ ವೇಗವೇ ಸುಳ್ಳಾಗಿ ಕಾಣುತ್ತದೆ.

## ಊರಿನ ನಕ್ಷೆಯ ಮೇಲೆ

"ಚಂದ್ರಗಿರಿಯ ನೆರೆ ಮಾಡೆಲ್ ತಂದ್ರೆ ಮೆಶ್ ಮೆಟ್ಟಿಲು ಮೆಟ್ಟಿಲಾಗಿ ನಡುಗ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಳಾ?"

ಕಾರ್ಡ್ ಸರಿ ಇದೆ. ತೊಂದರೆ ಇರುವುದು ಸಂಖ್ಯೆಯ ಉದ್ದದಲ್ಲಿ.

ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿಗೆ ಯುಟಿಎಂ ಅನ್ನುತ್ತಾರೆ. ಕಾಸರಗೋಡು ಅದರ 43 ಉತ್ತರ ವಲಯದಲ್ಲಿ ಬರುತ್ತದೆ. ಆ ವಲಯದ ನಡುಗೆರೆ 75 ಡಿಗ್ರಿ ರೇಖಾಂಶ. ನಮ್ಮ ಪೇಟೆ ಬಹುತೇಕ ಆ ಗೆರೆಯ ಮೇಲೆಯೇ ಕೂತಿದೆ. ಹಾಗಾಗಿ ಪೂರ್ವದ ಅಳತೆ ಸುಮಾರು 5 ಲಕ್ಷ ಮೀಟರ್, ಉತ್ತರದ ಅಳತೆ ಸುಮಾರು 13.8 ಲಕ್ಷ ಮೀಟರ್. 32 ಬಿಟ್‌ನ ದಶಮಾಂಶ ಸಂಖ್ಯೆಗೆ ಇಷ್ಟು ದೊಡ್ಡ ಅಂಕೆ ಹಿಡಿದ ಮೇಲೆ ದಶಮಾಂಶದ ಆಚೆಯ ಅಂಕೆಗಳಿಗೆ ಜಾಗ ಉಳಿಯುವುದಿಲ್ಲ. 13.8 ಲಕ್ಷದ ಹತ್ತಿರ ಅದು ತೋರಿಸಬಲ್ಲ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಅಂತರ 0.125 ಮೀಟರ್. ಅಂದರೆ ಉತ್ತರ ದಕ್ಷಿಣವಾಗಿ ಹನ್ನೆರಡೂವರೆ ಸೆಂಟಿಮೀಟರಿನ ಹೆಜ್ಜೆ. ಪೂರ್ವ ಪಶ್ಚಿಮಕ್ಕೆ ಸುಮಾರು 3 ಸೆಂಟಿಮೀಟರ್. ಹೊಳೆಯ ಬಯಲಿನಲ್ಲಿ 10 ಮೀಟರ್ ಸೆಲ್ ಇದ್ದರೆ ಗೊತ್ತೇ ಆಗುವುದಿಲ್ಲ. ಸೇತುವೆ ಕಂಬದ ಸುತ್ತ 20 ಸೆಂಟಿಮೀಟರ್ ಸೆಲ್ ಇದ್ದರೆ ಮೆಶ್ ಚಿಂದಿಯಾಗುತ್ತದೆ.

ಪರಿಹಾರ ಸುಲಭ. ಎಕ್ಸ್‌ಪೋರ್ಟ್ ಮಾಡುವ ಮೊದಲೇ ಎಲ್ಲ ಬಿಂದುಗಳಿಂದ ಒಂದು ಸ್ಥಿರ ಸಂಖ್ಯೆ ಕಳೆಯಿರಿ. ಉದಾಹರಣೆಗೆ ಪೂರ್ವದಲ್ಲಿ 5,00,000, ಉತ್ತರದಲ್ಲಿ 13,80,000. ಕಳೆದದ್ದು ಎಷ್ಟು ಅಂತ ಆ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡಿ. ಪ್ಯಾರಾವ್ಯೂಗೆ ತಂದ ಮೇಲೆ ಕಳೆದರೆ ಪ್ರಯೋಜನ ಇಲ್ಲ. ಫೈಲಿನಲ್ಲೇ 32 ಬಿಟ್ ಆಗಿ ಬರೆದಿದ್ದರೆ ನಷ್ಟ ಆಗಲೇ ಆಗಿದೆ.

"ನೆರೆಯ ಫಲಿತಾಂಶಕ್ಕೆ ಪ್ಯಾರಾವ್ಯೂವೇ ಬೇಕಾ?"

ಎಷ್ಟು ಮನೆ ಮುಳುಗುತ್ತದೆ, ಯಾವ ರಸ್ತೆ ಬಂದ್ ಆಗುತ್ತದೆ ಅಂತ ನೋಡಲು ಕ್ಯುಜಿಐಎಸ್ ಎಂಬ ನಕ್ಷೆಯ ಸಾಫ್ಟ್‌ವೇರ್ ಒಳ್ಳೆಯದು. ಅದರ ಮೆಶ್ ಲೇಯರ್ ನೀರಿನ ಹರಿವಿನ ಲೆಕ್ಕ ಮಾಡುವ ಹೆಕ್‌ರಾಸ್‌ನ ಎಚ್‌ಡಿಎಫ್ ಫಲಿತಾಂಶವನ್ನೂ ಟೆಲಿಮ್ಯಾಕ್‌ನ ಸೆಲಾಫಿನ್ ಫೈಲನ್ನೂ ಓದುತ್ತದೆ. ಕೆಳಗೆ ರಸ್ತೆ, ಮೇಲೆ ನೀರಿನ ಆಳ ಅಂತ ಪದರ ಹಾಕಬಹುದು. ಕಂಬದ ಸುತ್ತ ನೀರು ಹೇಗೆ ಸುಳಿಯುತ್ತದೆ ಎಂಬ ಮೂರು ಆಯಾಮದ ಪ್ರಶ್ನೆಗೆ ಪ್ಯಾರಾವ್ಯೂ.

## ಇನ್ನೂ ಒಳಗೆ

"20 ನೋಡ್‌ನ ಎಲಿಮೆಂಟ್‌ಗಳು ಗಂಟು ಹಾಕಿದ ಹಾಗೆ ಕಾಣ್ತವೆ."

ನೋಡ್‌ಗಳ ಕ್ರಮ ಬೇರೆಯಾಗಿದೆ. ವಿಟಿಕೆಯಲ್ಲಿ ಮೊದಲು ಎಂಟು ಮೂಲೆ, ಆಮೇಲೆ ಕೆಳಗಿನ ಅಂಚುಗಳ ನಾಲ್ಕು ನಡುಬಿಂದು, ಮೇಲಿನ ನಾಲ್ಕು, ಕೊನೆಗೆ ನಿಂತ ಅಂಚುಗಳ ನಾಲ್ಕು. ಅಬಾಕಸ್‌ನಲ್ಲೂ ಅದೇ ಕ್ರಮ. ಎಕ್ಸೋಡಸ್ ಫಾರ್ಮ್ಯಾಟಿನಲ್ಲಿ ಕೆಳಗಿನ ಅಂಚುಗಳಾದ ಮೇಲೆ ನಿಂತ ಅಂಚುಗಳು, ಮೇಲಿನವು ಕೊನೆಗೆ. ಮೆಶ್ ಮಾಡುವ ಜಿಮೆಶ್‌ನ 10 ನೋಡ್ ಟೆಟ್ರಾದಲ್ಲಿ (ನಾಲ್ಕು ಮುಖದ ಎಲಿಮೆಂಟಿನಲ್ಲಿ) ಕೊನೆಯ ಎರಡು ನೋಡ್‌ಗಳು ವಿಟಿಕೆಗೆ ಹೋಲಿಸಿದರೆ ಅದಲುಬದಲು. ಒಳ್ಳೆಯ ರೀಡರ್‌ಗಳು ಇದನ್ನು ತಾವೇ ಸರಿ ಮಾಡಿಕೊಳ್ಳುತ್ತವೆ. ನೀವೇ ಬರೆದ ಸ್ಕ್ರಿಪ್ಟ್ ಮಾಡುವುದಿಲ್ಲ. ಒಂದೇ ಒಂದು ಎಲಿಮೆಂಟ್ ಇರುವ ಫೈಲ್ ಮಾಡಿ ಮೊದಲು ಅದನ್ನು ನೋಡಿ. ಎರಡು ಎಲಿಮೆಂಟ್ ಕೂಡ ಬೇಡ.

"ವಾನ್ ಮೀಸಸ್ ಸರಿಯಾಗಿ ಬರ್ತದೆ, ಪ್ರಿನ್ಸಿಪಲ್ ಸ್ಟ್ರೆಸ್‌ನ ದಿಕ್ಕು ಮಾತ್ರ ತಪ್ಪು. ಇದು ಸಾಧ್ಯವಾ?"

ಸಾಧ್ಯ. ಇಂಥ ತಪ್ಪು ತುಂಬಾ ದಿನ ಅಡಗಿ ಕೂರುತ್ತದೆ, ಅದಕ್ಕೇ ಇದನ್ನು ವಿವರವಾಗಿ ಹೇಳುತ್ತೇನೆ.

ಒಂದು ಬಿಂದುವಿನಲ್ಲಿ ಎಲ್ಲ ದಿಕ್ಕಿನ ಸ್ಟ್ರೆಸ್ ಹೇಳುವ ಟೆನ್ಸರಿಗೆ ಆರು ಘಟಕ. ಅವನ್ನೆಲ್ಲ ಸೇರಿಸಿ ಒಂದೇ ಸಂಖ್ಯೆ ಮಾಡಿದ್ದು ವಾನ್ ಮೀಸಸ್; ಶಿಯರ್ ಸೊನ್ನೆಯಾಗುವ ದಿಕ್ಕುಗಳಲ್ಲಿನ ಸ್ಟ್ರೆಸ್ ಪ್ರಿನ್ಸಿಪಲ್. ಮೊದಲ ಮೂರು ಎಕ್ಸ್‌ಎಕ್ಸ್, ವೈವೈ, ಜಡ್‌ಜಡ್. ಉಳಿದ ಮೂರು ಶಿಯರ್, ಅಂದರೆ ಮೇಲ್ಮೈಗುಂಟ ಜಾರಿಸುವ ಸ್ಟ್ರೆಸ್. ಪ್ಯಾರಾವ್ಯೂ ಶಿಯರನ್ನು ಎಕ್ಸ್‌ವೈ, ವೈಜಡ್, ಎಕ್ಸ್‌ಜಡ್ ಎಂಬ ಕ್ರಮದಲ್ಲಿ ಓದುತ್ತದೆ. ಆನ್ಸಿಸ್‌ನದೂ ಹಾಗೆಯೇ. ಅಬಾಕಸ್ ಬರೆಯುವುದು ಎಕ್ಸ್‌ವೈ, ಎಕ್ಸ್‌ಜಡ್, ವೈಜಡ್. ಹಾಗೇ ನಕಲು ಮಾಡಿದರೆ ಕೊನೆಯ ಎರಡು ಅದಲುಬದಲಾಗುತ್ತವೆ.

ವಾನ್ ಮೀಸಸ್ ಸೂತ್ರದಲ್ಲಿ ಮೂರೂ ಶಿಯರ್‌ಗಳ ವರ್ಗವನ್ನು ಕೂಡಿಸುತ್ತೇವೆ. ಕೂಡಿಸುವಾಗ ಯಾವುದು ಮೊದಲು ಅಂತ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ವಾನ್ ಮೀಸಸ್ ಸರಿಯಾಗಿಯೇ ಬರುತ್ತದೆ, ಎಲ್ಲರೂ ನೆಮ್ಮದಿಯಾಗುತ್ತಾರೆ. ಪ್ರಿನ್ಸಿಪಲ್ ಸ್ಟ್ರೆಸ್‌ನ ಮೌಲ್ಯಕ್ಕೂ ದಿಕ್ಕಿಗೂ ಮಾತ್ರ ಪ್ರತಿ ಘಟಕ ತನ್ನ ಜಾಗದಲ್ಲೇ ಇರಬೇಕು. ಕಾಂಕ್ರೀಟಿನಲ್ಲಿ ಬಿರುಕು ಯಾವ ಕಡೆಗೆ ಹೋಗುತ್ತದೆ ಅಂತ ನೋಡುವವರಿಗೆ ಬೇಕಾದದ್ದೇ ಆ ದಿಕ್ಕು. ಪರೀಕ್ಷೆಗೆ ವಾನ್ ಮೀಸಸ್ ಸಾಲದು. ಮೂರು ಪ್ರಿನ್ಸಿಪಲ್ ಮೌಲ್ಯಗಳನ್ನೂ ಒಂದು ನೋಡ್‌ನಲ್ಲಿ ತಾಳೆ ನೋಡಿ.

ಸ್ಟ್ರೇನ್ ತರುವಾಗ ಇನ್ನೊಂದು ಉಂಟು. ಹಲವು ಸಾಫ್ಟ್‌ವೇರ್‌ಗಳು ಎಂಜಿನಿಯರಿಂಗ್ ಶಿಯರ್ ಸ್ಟ್ರೇನ್ ಬರೆಯುತ್ತವೆ. ಅದು ಟೆನ್ಸರ್ ಘಟಕದ ಎರಡು ಪಟ್ಟು. ಅರ್ಧ ಮಾಡಿ ಹಾಕಬೇಕು. ಶೆಲ್ ಎಲಿಮೆಂಟ್‌ಗಳಲ್ಲಿ ಮೌಲ್ಯ ಎಲಿಮೆಂಟಿನ ಸ್ವಂತ ಅಕ್ಷದಲ್ಲಿದೆಯೋ ಇಡೀ ಮಾಡೆಲಿನ ಅಕ್ಷದಲ್ಲಿದೆಯೋ ಅಂತಲೂ ನೋಡಿ.

"ಗಾಳಿಯ ಮೆಶ್‌ನ ಒತ್ತಡವನ್ನು ಟ್ರಸ್‌ನ ಮೆಶ್ ಮೇಲೆ ಹಾಕುದು ಹೇಗೆ?"

'ರೀಸ್ಯಾಂಪಲ್ ವಿತ್ ಡೇಟಾಸೆಟ್' ಫಿಲ್ಟರ್ ಒಂದು ಮೆಶ್‌ನ ಮೌಲ್ಯವನ್ನು ಇನ್ನೊಂದರ ಬಿಂದುಗಳಲ್ಲಿ ಓದಿ ಕೊಡುತ್ತದೆ. ಎರಡು ಮೇಲ್ಮೈ ಸರಿಯಾಗಿ ಒಂದರ ಮೇಲೊಂದು ಕೂರದಿದ್ದರೆ ಕೆಲವು ಬಿಂದುಗಳು ಹೊರಗೆ ಉಳಿದು ಸೊನ್ನೆಯಾಗುತ್ತವೆ. ಆಗ 'ಪಾಯಿಂಟ್ ಡೇಟಾಸೆಟ್ ಇಂಟರ್‌ಪೋಲೇಟರ್' ಬಳಸಿ. ಇದು ಓದುವ ಕೆಲಸ ಮಾತ್ರ, ಒಟ್ಟು ಬಲ ಉಳಿಯುತ್ತದೆ ಅಂತ ಭರವಸೆ ಇಲ್ಲ. ಎರಡೂ ಮೇಲ್ಮೈಯಲ್ಲಿ ಬಲವನ್ನು ಕೂಡಿಸಿ ನೋಡಿ. ಚಿತ್ರಕ್ಕೆ ಸ್ವಲ್ಪ ವ್ಯತ್ಯಾಸ ನಡೆಯುತ್ತದೆ. ಅದೇ ಬಲವನ್ನು ಟ್ರಸ್‌ನ ಲೆಕ್ಕಕ್ಕೆ ಹಾಕುವುದಾದರೆ ನಡೆಯುವುದಿಲ್ಲ.

"ಫೈಲ್ ಓಪನ್ ಮಾಡಿದ್ರೆ ಲ್ಯಾಪ್‌ಟಾಪ್ ನಿಂತೇ ಹೋಗ್ತದೆ."

ಮೊದಲು ಕಾಗದದ ಮೇಲೆ ಲೆಕ್ಕ ಹಾಕಿ. ಒಂದು ಕೋಟಿ ಸೆಲ್, 64 ಬಿಟ್ ಸಂಖ್ಯೆ. ಒತ್ತಡಕ್ಕೆ 80 ಮೆಗಾಬೈಟ್. ವೇಗಕ್ಕೆ ಮೂರು ಘಟಕ, 240. ಸೇರಿ 320. ನೂರು ಹೆಜ್ಜೆ ಉಳಿಸಿದರೆ 32 ಗಿಗಾಬೈಟ್, ಮೆಶ್ ಬಿಟ್ಟು. ನೋಡಲು ಮಾತ್ರ ಆದರೆ ಮೌಲ್ಯಗಳಿಗೆ 32 ಬಿಟ್ ಸಾಕು, ಅರ್ಧ ಕಡಿಮೆಯಾಗುತ್ತದೆ. ಬೇಡದ ಮೌಲ್ಯಗಳ ಟಿಕ್ ತೆಗೆಯಿರಿ. ಆಸ್ಕಿ ಬದಲು ಬೈನರಿ ಬರೆಯಿರಿ.

ಇಷ್ಟಾದರೂ ಆಗದಿದ್ದರೆ ಲೆಕ್ಕ ಓಡಿಸಿದ ದೊಡ್ಡ ಕಂಪ್ಯೂಟರಿನಲ್ಲೇ ಫೈಲ್ ಬಿಟ್ಟು, ಅಲ್ಲಿ ಪ್ಯಾರಾವ್ಯೂನದೇ ಸರ್ವರ್ ಭಾಗವಾದ ಪಿವಿಸರ್ವರ್ ಓಡಿಸಿ, ಮನೆಯಿಂದ ಅದಕ್ಕೆ ಜೋಡಿಸಿ. ಮಳೆಗಾಲದಲ್ಲಿ ನಮ್ಮ ಕಡೆಯ ಇಂಟರ್‌ನೆಟ್‌ನಲ್ಲಿ 32 ಗಿಗಾಬೈಟ್ ಇಳಿಸುವುದಕ್ಕಿಂತ ಇದು ಎಷ್ಟೋ ಮೇಲು. ಸಾಮಾನ್ಯವಾಗಿ 11111ನೇ ಪೋರ್ಟ್. ಎರಡೂ ಕಡೆ ಪ್ಯಾರಾವ್ಯೂ ಆವೃತ್ತಿ ಒಂದೇ ಇರಬೇಕು, ಇಲ್ಲವಾದರೆ ಜೋಡಣೆಯೇ ಆಗುವುದಿಲ್ಲ.

"ಸ್ಟೇಟ್ ಫೈಲ್ ಗೈಡ್‌ಗೆ ಕಳಿಸಿದೆ, ಅವ್ರಿಗೆ ಎಂತದೂ ಕಾಣುದಿಲ್ಲಂತೆ."

ಸ್ಟೇಟ್ ಫೈಲಿನಲ್ಲಿ ಇರುವುದು ನೀವು ಹಾಕಿದ ಫಿಲ್ಟರ್, ಬಣ್ಣ, ಕ್ಯಾಮರಾ ಮತ್ತು ಡೇಟಾ ಇರುವ ಜಾಗದ ವಿಳಾಸ. ಡೇಟಾ ಇಲ್ಲ. ವಿಳಾಸವೂ ನಿಮ್ಮ ಲ್ಯಾಪ್‌ಟಾಪಿನದು. ಡೇಟಾ ಮತ್ತು ಸ್ಟೇಟ್ ಫೈಲನ್ನು ಒಂದೇ ಫೋಲ್ಡರಿನಲ್ಲಿಟ್ಟು ಜಿಪ್ ಮಾಡಿ ಕಳಿಸಿ. ತೆರೆಯುವಾಗ 'ಈ ಫೋಲ್ಡರಿನಲ್ಲಿ ಫೈಲ್ ಹುಡುಕು' ಎಂಬ ಅರ್ಥದ ಆಯ್ಕೆ ಬರುತ್ತದೆ, ಅದನ್ನು ಆರಿಸಲು ಗೈಡ್‌ಗೆ ಹೇಳಿ. ಒಳಗೆ ಆ ಸಣ್ಣ ಟೆಕ್ಸ್ಟ್ ಫೈಲನ್ನೂ ಹಾಕಿ: ಅಳತೆಯ ಮಾನ, ಕಳೆದ ಸ್ಥಿರ ಸಂಖ್ಯೆ, ಪ್ಯಾರಾವ್ಯೂ ಆವೃತ್ತಿ, ಪ್ರತಿ ಮೌಲ್ಯದ ಕನಿಷ್ಠ ಮತ್ತು ಗರಿಷ್ಠ.